ಖಾತರಿ ಮುಗಿದ ಮೇಲೆ ಕಾಣುವ ದೋಷ

ಲ್ಯಾಪ್‌ಟಾಪಿನ ಪರದೆ ಖಾತರಿ ಅವಧಿ ಮುಗಿದ ಬಳಿಕ ಕೆಟ್ಟರೆ, ತಗಲುವ ವೆಚ್ಚವನ್ನು ದುರಸ್ತಿ ಖಾತೆಗೆ ಹಾಕಿ ಸುಮ್ಮನಾಗುವ ವ್ಯಾಪಾರಸ್ಥರೇ ಹೆಚ್ಚು. ಆದರೆ ಒಂದೇ ಮಾದರಿಯ ಹಲವು ಯಂತ್ರಗಳಲ್ಲಿ ಒಂದೇ ಬಗೆಯ ತೊಂದರೆ ಕಂಡುಬಂದಲ್ಲಿ, ಅದು ತಯಾರಿಕೆಯ ದೋಷವಿರಬಹುದೆಂದು ಶಂಕಿಸುವುದು ಉಚಿತ.

2016ರಲ್ಲಿ ಮಾರುಕಟ್ಟೆಗೆ ಬಂದ ಆಪಲ್ ಕಂಪನಿಯ 13 ಇಂಚಿನ ಮ್ಯಾಕ್‌ಬುಕ್ ಪ್ರೊ ಇದಕ್ಕೆ ನಿದರ್ಶನ. ಮುಚ್ಚಳವನ್ನು ತೆರೆದು ಮುಚ್ಚಿದಂತೆಲ್ಲ ಅದರ ಪರದೆಯ ತೆಳು ಕೇಬಲ್ ಸವೆಯುತ್ತಿತ್ತು. ಮೊದಲು ಪರದೆಯ ಕೆಳಭಾಗದಲ್ಲಿ ಬೆಳಕಿನ ಪಟ್ಟೆಗಳು ಮೂಡಿ, ಕ್ರಮೇಣ ಹಿಂಬೆಳಕೇ ನಿಲ್ಲುತ್ತಿತ್ತು. ಕೇಬಲ್ ಪರದೆಯ ಅಂಗವೇ ಆಗಿದ್ದುದರಿಂದ ಇಡೀ ಪರದೆಯನ್ನು ಬದಲಿಸಬೇಕಾಗುತ್ತಿತ್ತು. ದೂರುಗಳು ಹೆಚ್ಚಿದ ಮೇಲೆ, 2019ರ ಮೇ ತಿಂಗಳಲ್ಲಿ ಕಂಪನಿಯು ಉಚಿತ ದುರಸ್ತಿ ಯೋಜನೆಯನ್ನು ಘೋಷಿಸಿತು. ಅದಕ್ಕೆ ಮೊದಲೇ ಹಣ ತೆತ್ತಿದ್ದವರಿಗೂ ಮರುಪಾವತಿ ಕೋರುವ ಅವಕಾಶ ನೀಡಿತು. ಇಂತಹ ಸಂದರ್ಭದಲ್ಲಿ ರಸೀದಿ ಕಾಯ್ದಿರಿಸಿದವರ ಕೋರಿಕೆಗೆ ಬಲವಿರುತ್ತದೆ.

ನಮ್ಮ ದೇಶದಲ್ಲಿ ವಾಣಿಜ್ಯ ಉದ್ದೇಶಕ್ಕಾಗಿ ಕೊಂಡವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ವಯ ಸಾಮಾನ್ಯವಾಗಿ ಗ್ರಾಹಕರೆನಿಸುವುದಿಲ್ಲ. ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿಯೇ ಕೊಂಡವರಿಗೆ ಮಾತ್ರ ಇದರಿಂದ ವಿನಾಯಿತಿಯುಂಟು; ಅವರು ವ್ಯಾಜ್ಯಕಾರಣ ಉಂಟಾದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಉಳಿದವರು 1930ರ ಸರಕು ಮಾರಾಟ ಕಾಯ್ದೆಯ 16ನೆಯ ಪ್ರಕರಣವನ್ನು ಆಧರಿಸಿ ಮಾರಾಟಗಾರರನ್ನು ಪ್ರಶ್ನಿಸಬಹುದು.

ಆದುದರಿಂದ ತೆರಿಗೆ ಬಿಲ್ಲು, ಯಂತ್ರದ ಕ್ರಮಸಂಖ್ಯೆ, ದಿನಾಂಕವುಳ್ಳ ಛಾಯಾಚಿತ್ರ ಹಾಗೂ ಸೇವಾ ಕೇಂದ್ರದ ಲಿಖಿತ ವರದಿ, ಈ ನಾಲ್ಕನ್ನೂ ಒಂದೇ ಕಡತದಲ್ಲಿಡುವುದು ಲೇಸು. ದೋಷ ಕಂಡ ಕೂಡಲೇ ಮಾರಾಟಗಾರರಿಗೆ ಲಿಖಿತವಾಗಿ ತಿಳಿಸತಕ್ಕದ್ದು. ಬಾಯಿಮಾತಿನ ದೂರಿಗೆ ಪುರಾವೆಯಿರುವುದಿಲ್ಲ.