ಈ ವರ್ಷ ನನಗ ಹಿಡಿಸಿದ್ದು 3 ನಿಮಿಷದ ರೆಕಾರ್ಡು

ವರ್ಷದ ಮೆಚ್ಚಿನ ಆಲ್ಬಂ ಯಾವುದು ಅಂತ ಭಾಳ ಮಂದಿ ಕೇಳ್ತಿದ್ರಿ. ನನ್ನ ಪಟ್ಟಿಯ ಮೊದಲನೇದು ಹೊಸದಲ್ಲ, ಆಲ್ಬಮ್ಮೂ ಅಲ್ಲ. ಕುಂದಗೋಳದ ಸವಾಯಿ ಗಂಧರ್ವರ (1886–1952) 78 ಆರ್‌ಪಿಎಂ ರೆಕಾರ್ಡುಗಳು. ಆ ತಟ್ಟೆಯ ಒಂದು ಮಗ್ಗಲಿಗೆ ಹಿಡಿಸೋದು ಸುಮಾರು 3 ನಿಮಿಷ. ಒಂದೊಂದೇ ಸ್ವರ ಬಿಡಿಸಿ ರಾಗ ಬೆಳೆಸೋ ಕಿರಾಣಾ ಘರಾಣೆಯವರಿಗೆ ಅದು ಎಲ್ಲಿ ಸಾಲಬೇಕ್ರೀ? ಹಾಗಾಗಿ ಆಲಾಪ ಮೊಟಕು. ಅಷ್ಟರಾಗೂ ರಾಗದ ಮುಖ ಕಾಣ್ತದ, ಖರೆ. ಆದ್ರ ಇಷ್ಟನ್ನೇ ಕೇಳಿ ಅವರನ್ನ ಅಳೀಬ್ಯಾಡ್ರಿ. ವಿಸ್ತಾರ ಬೇಕಂದ್ರ ಶಿಷ್ಯರ ಕಡೆ ಹೋಗಬೇಕು: ಹುಬ್ಬಳ್ಳಿಯಿಂದ ರೈಲು ಹತ್ತಿ ಪಾಠಕ್ಕೆ ಹೋಗ್ತಿದ್ದ ಗಂಗೂಬಾಯಿ ಹಾನಗಲ್, ಕುಂದಗೋಳದಾಗ ಗುರುಗಳ ಮನ್ಯಾಗೇ ಇದ್ದು ಕಲಿತ ಭೀಮಸೇನ ಜೋಶಿ. ಎಲ್‌ಪಿ ಬಂದ ಮ್ಯಾಲೆ ಇವರಿಗೆ ಮಗ್ಗಲಿಗೆ 20 ನಿಮಿಷ ಸಿಕ್ತು. ಮೊದಲು ಗುರುಗಳ ರೆಕಾರ್ಡು, ಆಮೇಲೆ ಭೀಮಸೇನರ ಎಲ್‌ಪಿ ಹಚ್ಚಿ ಕೇಳ್ರಿ.