ಗಟ್ಟಿಮೇಳಕ್ಕೆ ಮುಂಚೆ: ಮದುವೆ ಫೋಟೋಗ್ರಾಫರ್ ಬ್ಯಾಗ್‌ನಲ್ಲಿ ಏನೇನಿರಬೇಕು?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆ ಮದುವೆ ಫೋಟೋಗ್ರಫಿ ಶುರು ಮಾಡಬೇಕು ಅಂತಿರೋರಿಗೆ. ಹೊಸದಾಗಿ ಕ್ಯಾಮೆರಾ ತಗೊಂಡಿರ್ತೀರಿ, ಗೆಳೆಯನ ಮದುವೆಗೆ "ನೀನೇ ಫೋಟೋ ತೆಗಿಯಪ್ಪ" ಅಂದಿರ್ತಾರೆ. ಅಥವಾ ಇದನ್ನೇ ಕೆಲಸ ಮಾಡ್ಕೊಬೇಕು ಅನ್ನೋ ಆಸೆ ಇರುತ್ತೆ. ನಾನು ಮದುವೆ ಫೋಟೋ ತೆಗೆಯೋನು. ನನಗೆ ಬರೋ ಮೆಸೇಜ್‌ಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ: "ಅಣ್ಣಾ, ಯಾವ ಕ್ಯಾಮೆರಾ ತಗೊಳ್ಲಿ?" ನಾನು ತಿರುಗಿ ಕೇಳೋದೂ ಒಂದೇ: "ಗಟ್ಟಿಮೇಳ ಬಾರಿಸೋ ಹೊತ್ತಿಗೆ ಆ ಕ್ಯಾಮೆರಾ ಆಫ್ ಆದ್ರೆ ಏನ್ಮಾಡ್ತೀಯಾ?"

ಪುರೋಹಿತರು ಕೈ ಎತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅಂತಾರೆ, ವಾಲಗದವರು ಜೋರು ಮಾಡ್ತಾರೆ, ನಾಲ್ಕೂ ಕಡೆಯಿಂದ ಅಕ್ಷತೆ ಬೀಳುತ್ತೆ, ತಾಳಿ ಕಟ್ಟಿ ಮುಗಿಯುತ್ತೆ. ಒಂದು ನಿಮಿಷವೂ ಹಿಡಿಯಲ್ಲ. "ಸರ್, ಇನ್ನೊಂದ್ಸಲ ಕಟ್ಟಿ" ಅಂತ ಕೇಳೋ ಹಾಗಿಲ್ಲ. ಮದುವೆ ಫೋಟೋಗ್ರಫಿಯ ಇಡೀ ತಯಾರಿ ಈ ಒಂದು ನಿಮಿಷದ ಸುತ್ತ ನಿಂತಿದೆ. ಹಾಗಾಗಿ ಬ್ಯಾಗ್‌ಗೆ ಏನೇ ಹಾಕಿದ್ರೂ ಮೊದಲು ಕೇಳ್ಕೊಳ್ಳಿ: ಇದು ಕೈಕೊಟ್ಟರೆ ಮುಂದೇನು?

ಎರಡು ಬಾಡಿ, ಎರಡು ಕಾರ್ಡ್

ಮೊದಲ ಉತ್ತರ ಎರಡನೇ ಕ್ಯಾಮೆರಾ. ಎರಡೂ ಹೊಸದಾಗಿರಬೇಕಿಲ್ಲ, ದುಬಾರಿಯೂ ಆಗಬೇಕಿಲ್ಲ. ಹಳೇ ಡಿಎಸ್‌ಎಲ್‌ಆರ್ ಆದ್ರೂ ಸರಿ, ಒಂದು ದಿನದ ಬಾಡಿಗೆಗೆ ತಂದಿದ್ದಾದ್ರೂ ಸರಿ. ಎರಡೂ ಹೆಗಲ ಮೇಲಿದ್ರೆ ಇನ್ನೊಂದು ಲಾಭ ಇದೆ: ಒಂದಕ್ಕೆ ಅಗಲದ ಲೆನ್ಸ್, ಇನ್ನೊಂದಕ್ಕೆ ದೂರದ ಲೆನ್ಸ್ ಹಾಕಿಟ್ಟರೆ ಮುಹೂರ್ತದ ಹೊತ್ತಿನಲ್ಲಿ ಲೆನ್ಸ್ ಬದಲಿಸೋ ಕೆಲಸ ಇರಲ್ಲ. ಅಕ್ಷತೆ ಮಳೆ ಸುರೀತಿರುವಾಗ ಲೆನ್ಸ್ ಬಿಚ್ಚಿದ್ರೆ ಒಂದು ಅಕ್ಕಿಕಾಳು, ಚಿಟಿಕೆ ಅರಿಶಿನ ಸೀದಾ ಸೆನ್ಸರ್ ಮೇಲೆ ಹೋಗಿ ಕೂರುತ್ತೆ. ಲೆನ್ಸ್ ಹುಡ್ ಬಿಸಿಲಿಗೆ ಮಾತ್ರ ಅಂದ್ಕೊಬೇಡಿ. ನಮ್ಮ ಮದುವೆಗಳಲ್ಲಿ ಅದು ಅಕ್ಷತೆಗೆ ಹಿಡಿಯೋ ಛತ್ರಿ.

ಎರಡೂ ಕ್ಯಾಮೆರಾಗಳ ಗಡಿಯಾರವನ್ನ ಹಿಂದಿನ ದಿನವೇ ಫೋನ್ ನೋಡಿ ಒಂದೇ ಟೈಮಿಗೆ ಇಡಿ. ಇಲ್ಲದಿದ್ರೆ ಕಂಪ್ಯೂಟರ್‌ನಲ್ಲಿ ಎಲ್ಲ ಸಾಲಾಗಿ ಜೋಡಿಸಿದಾಗ ಸಪ್ತಪದಿ ಆದಮೇಲೆ ತಾಳಿ ಕಟ್ಟಿದ ಹಾಗೆ ಕಾಣುತ್ತೆ.

ಸಾಧ್ಯವಾದ್ರೆ ಎರಡು ಕಾರ್ಡ್ ಸ್ಲಾಟ್ ಇರೋ ಕ್ಯಾಮೆರಾನೇ ಆರಿಸಿ. ಪ್ರತಿ ಫೋಟೋ ಎರಡೂ ಕಾರ್ಡ್‌ಗೆ ಬರೆಯೋ ಹಾಗೆ ಸೆಟ್ ಮಾಡಿ. ಒಮ್ಮೆ ನನ್ನ ಕ್ಯಾಮೆರಾದ ಒಂದು ಕಾರ್ಡ್ ಧಾರೆ ನಡೀತಿರುವಾಗಲೇ ಸತ್ತುಹೋಯ್ತು. ಪಕ್ಕದ ಕಾರ್ಡ್‌ನಲ್ಲಿ ಎಲ್ಲವೂ ಇತ್ತು. ಆ ಮನೆಯವರಿಗೆ ಇವತ್ತಿಗೂ ವಿಷಯ ಗೊತ್ತಿಲ್ಲ, ಗೊತ್ತಾಗೋ ಅಗತ್ಯವೂ ಬರಲಿಲ್ಲ.

ಕಾರ್ಡ್ ಎಷ್ಟು ದೊಡ್ಡದಿರಬೇಕು? ಲೆಕ್ಕ ಸುಲಭ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ ಸುಮಾರು 30 ಎಂಬಿ ಅಂತಿಟ್ಕೊಳ್ಳಿ. ದಿನಕ್ಕೆ 2000 ಫೋಟೋ ತೆಗೆದ್ರೆ 60 ಜಿಬಿ. ಅಂದ್ರೆ 64 ಜಿಬಿ ಕಾರ್ಡ್ ಊಟದ ಪಂಕ್ತಿ ಹೊತ್ತಿಗೆ ತುಂಬಿರುತ್ತೆ. ರಾ ಯಾಕೆ ಅಂದ್ರೆ, ಕೆಂಪು ಸೀರೆ, ಹಳದಿ ಬಲ್ಬು, ನೀಲಿ ಸ್ಟೇಜ್ ಲೈಟ್ ಮೂರೂ ಒಂದೇ ಮುಖದ ಮೇಲೆ ಬಿದ್ದಾಗ ಆಮೇಲೆ ಬಣ್ಣ ಸರಿಮಾಡೋಕೆ ಜೆಪಿಜಿಗಿಂತ ಅದರಲ್ಲಿ ಬಹಳ ಜಾಗ ಇರುತ್ತೆ.

ಬ್ಯಾಟರಿ ವಿಷಯ ಹೇಳಲೇಬೇಕು. ಮಿರರ್‌ಲೆಸ್ ಕ್ಯಾಮೆರಾಗಳು ಡಿಎಸ್‌ಎಲ್‌ಆರ್‌ಗಿಂತ ಬೇಗ ಬ್ಯಾಟರಿ ತಿಂತವೆ. ಒಂದೊಂದು ಬಾಡಿಗೆ ಕನಿಷ್ಠ ಮೂರು ಇರಲಿ. ಖಾಲಿ ಆಗಿದ್ದನ್ನ ಬಲಜೇಬಿಗೆ, ತುಂಬಿದ್ದನ್ನ ಎಡಜೇಬಿಗೆ ಹಾಕೋ ಅಭ್ಯಾಸ ಮಾಡ್ಕೊಳ್ಳಿ. ಗಡಿಬಿಡಿಯಲ್ಲಿ ಈ ಸಣ್ಣ ಶಿಸ್ತೇ ಕಾಪಾಡೋದು.

ಲೆನ್ಸ್: ಛತ್ರದ ಅಳತೆಗೆ ತಕ್ಕ ಹಾಗೆ

ಇಂಟರ್ನೆಟ್ ನೋಡಿದ್ರೆ ಹತ್ತು ಲೆನ್ಸ್ ಬೇಕು ಅನಿಸುತ್ತೆ. ನಮ್ಮ ಕಲ್ಯಾಣ ಮಂಟಪಗಳಿಗೆ ಎರಡು ಸಾಕು. 24–70 ಎಂಎಂ ಒಂದು, 70–200 ಎಂಎಂ ಒಂದು, ಎರಡೂ ಎಫ್ 2.8 ಆದ್ರೆ ಒಳ್ಳೇದು. ಮೊದಲನೇದು ಮಂಟಪದ ಮೇಲೆ. ಅಲ್ಲಿ ಹೋಮಕುಂಡ, ಬಾಳೆಕಂಬ, ಎರಡೂ ಕಡೆ ಬೀಗರು, ಮಧ್ಯೆ ಪುರೋಹಿತರು. ಹಿಂದೆ ಸರಿಯೋಕೆ ಜಾಗವೇ ಇರಲ್ಲ. ಎರಡನೇದು ದೂರದಿಂದ. ಮಗಳ ಧಾರೆ ಎರೆಯುವಾಗ ತಂದೆಯ ಮುಖ ಹೇಗಾಗುತ್ತೆ ಅನ್ನೋದು ನೀವು ಹತ್ತಿರ ಹೋದ್ರೆ ಸಿಗಲ್ಲ. ಕ್ಯಾಮೆರಾ ಕಂಡ ಕೂಡಲೇ ಅವರು ಗಟ್ಟಿಯಾಗಿಬಿಡ್ತಾರೆ.

ಎರಡೂ ದುಬಾರಿ ಲೆನ್ಸ್. ಶುರುವಿನಲ್ಲಿ 50 ಎಂಎಂ ಎಫ್ 1.8 ಕೊಂಡ್ಕೊಳ್ಳಿ, ಉಳಿದಿದ್ದು ಬಾಡಿಗೆಗೆ ತನ್ನಿ. ಒಂದು ಎಚ್ಚರ: ನಿಮ್ಮದು ಎಪಿಎಸ್-ಸಿ ಕ್ಯಾಮೆರಾ ಆದ್ರೆ 50 ಎಂಎಂ ಲೆನ್ಸ್ ಸುಮಾರು 75 ಅಥವಾ 80 ಎಂಎಂ ಥರ ಕಾಣಿಸುತ್ತೆ. ಒಬ್ಬರ ಮುಖಕ್ಕೆ ಚೆನ್ನ, ಇಕ್ಕಟ್ಟಿನ ಮಂಟಪದಲ್ಲಿ ಗ್ರೂಪ್ ಫೋಟೋಗೆ ಆಗಲ್ಲ. ಅದಕ್ಕೆ ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸ್ ಮನೇಲಿ ಬಿಟ್ಟು ಬರಬೇಡಿ. ಬಾಡಿಗೆ ಲೆನ್ಸ್ ತರೋದಿದ್ರೆ ಮದುವೆ ಬೆಳಗ್ಗೆ ತರಬೇಡಿ. ಹಿಂದಿನ ದಿನವೇ ತಂದು ನಿಮ್ಮ ಬಾಡಿಗೆ ಹಾಕಿ, ಫೋಕಸ್ ಸರಿ ಕೂರುತ್ತಾ ಅಂತ ಮನೆಯವರ ಮುಖದ ಮೇಲೆ ನೋಡಿ.

ಬೆಳಕಿನ ಜಗಳ

ಛತ್ರದ ಬೆಳಕು ನಮ್ಮ ಮಾತು ಕೇಳಲ್ಲ. ಫ್ಲ್ಯಾಶ್ ಒಂದು ಬೇಕೇ ಬೇಕು. ಅದನ್ನ ನೇರ ಮುಖಕ್ಕೆ ಹೊಡೆದ್ರೆ ಜರಿ, ಒಡವೆ, ಬೆವರು ಮೂರೂ ಹೊಳೀತವೆ, ಮುಖ ಸುಣ್ಣ ಬಳಿದ ಹಾಗೆ ಆಗುತ್ತೆ. ಬಿಳಿ ಚಾವಣಿ ತಗ್ಗಿನಲ್ಲಿದ್ರೆ ಫ್ಲ್ಯಾಶ್ ತಲೆಯನ್ನ ಮೇಲಕ್ಕೆ ತಿರುಗಿಸಿ, ಬೆಳಕು ಚಾವಣಿಗೆ ತಾಗಿ ಮೃದುವಾಗಿ ಇಳಿಯುತ್ತೆ. ಚಾವಣಿ ತುಂಬಾ ಎತ್ತರ ಇದ್ರೆ ಅಥವಾ ಬಣ್ಣದ ಬಟ್ಟೆ ಕಟ್ಟಿದ್ರೆ ಈ ಉಪಾಯ ನಡೆಯಲ್ಲ. ಹಸಿರು ಬಟ್ಟೆಗೆ ತಾಗಿ ಬಂದ ಬೆಳಕು ಮದುಮಗಳನ್ನೂ ಹಸಿರು ಮಾಡುತ್ತೆ. ಆಗ ಒಂದು ಸಣ್ಣ ಸಾಫ್ಟ್‌ಬಾಕ್ಸ್ ಅಥವಾ ಸ್ಟ್ಯಾಂಡ್ ಮೇಲಿಟ್ಟ ಎರಡನೇ ಫ್ಲ್ಯಾಶ್ ಬೇಕು.

ಇನ್ನೊಂದು ಕಾಟ ಎಲ್‌ಇಡಿ. ನಮ್ಮ ಮನೆ, ಛತ್ರದ ಕರೆಂಟ್ 50 ಹರ್ಟ್ಜ್. ಅದರ ಮೇಲೆ ಓಡೋ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗ್ತವೆ. ನಮ್ಮ ಕಣ್ಣಿಗೆ ಕಾಣಲ್ಲ, ಕ್ಯಾಮೆರಾಗೆ ಕಾಣುತ್ತೆ. ಫೋಟೋದಲ್ಲಿ ಅಡ್ಡಡ್ಡ ಪಟ್ಟೆ ಬಿದ್ರೆ ಶಟರ್ ಸ್ಪೀಡ್ 1/100 ಅಥವಾ 1/50ಕ್ಕೆ ಇಳಿಸಿ ನೋಡಿ. ಶಬ್ದ ಬರಬಾರದು ಅಂತ ಸೈಲೆಂಟ್ ಮೋಡ್, ಅಂದ್ರೆ ಎಲೆಕ್ಟ್ರಾನಿಕ್ ಶಟರ್, ಹಾಕಿದ್ರೆ ಈ ಪಟ್ಟೆ ಸಾಮಾನ್ಯವಾಗಿ ಜಾಸ್ತಿ ಆಗುತ್ತೆ. ವಾಲಗದ ಮುಂದೆ ನಿಮ್ಮ ಶಟರ್ ಸದ್ದು ಯಾರಿಗೆ ಕೇಳಬೇಕು ಹೇಳಿ! ಇದೆಲ್ಲಾ ಗೊತ್ತಾಗೋದು ಹಿಂದಿನ ಸಂಜೆ ಛತ್ರಕ್ಕೆ ಹೋಗಿ, ದೀಪ ಹಾಕಿಸಿ, ನಾಲ್ಕು ಫೋಟೋ ತೆಗೆದು ನೋಡಿದ್ರೆ ಮಾತ್ರ. ಹಳೇ ಮೈಸೂರು ಕಡೆ ಬಹಳ ಮದುವೆಗಳಲ್ಲಿ ಆರತಕ್ಷತೆ ಹಿಂದಿನ ಸಂಜೆಯೇ ಇರುತ್ತೆ. ಅಲ್ಲೇ ಮರುದಿನದ ಮಂಟಪವನ್ನೂ ಪರೀಕ್ಷೆ ಮಾಡಿಬಿಡಿ.

ಬ್ಯಾಗ್‌ಗೆ ಹಿಡಿಸದ ತಯಾರಿ

ಈಗ ದುಡ್ಡು ಖರ್ಚಾಗದ, ಆದ್ರೆ ಬಹಳ ಜನ ಬಿಟ್ಟುಬಿಡೋ ವಿಷಯ: ಈ ಮದುವೆ ಹೇಗೆ ನಡೆಯುತ್ತೆ ಅಂತ ಮೊದಲೇ ತಿಳ್ಕೊಳ್ಳೋದು. ಒಂದೊಂದು ಸಮುದಾಯದ ಕ್ರಮ ಒಂದೊಂದು ಥರ. ಅಂತರಪಟ ಸರಿದು ಜೀರಿಗೆ-ಬೆಲ್ಲ ಇಡೋ ಮದುವೆಯಲ್ಲಿ ನೀವು ಪಕ್ಕದಲ್ಲಿ ನಿಂತಿದ್ರೆ ಇಬ್ಬರ ಮುಖವೂ ಸಿಗುತ್ತೆ. ಕೊಡವರ ಮದುವೆಯಲ್ಲಿ ಪುರೋಹಿತರೇ ಇರಲ್ಲ, ಹಿರಿಯರ ಆಶೀರ್ವಾದವೇ ಮುಖ್ಯ. ಬಾಳೆ ಕಡಿಯೋದು, ನೀರು ಹೊತ್ತು ಬರುವ ಮದುಮಗಳ ದಾರಿಗೆ ಅಡ್ಡ ಕುಣಿಯೋದು ಎಲ್ಲಾ ಹೊರಗೆ ಅಂಗಳದಲ್ಲಿ. ನಿಕಾಹ್‌ನಲ್ಲಿ ವರ ಒಂದು ಕಡೆ, ವಧು ಇನ್ನೊಂದು ಕಡೆ ಇರಬಹುದು, ಹಾಗಾಗಿ ಇಬ್ಬರು ಫೋಟೋಗ್ರಾಫರ್ ಬೇಕಾಗುತ್ತೆ. ಚರ್ಚ್‌ನಲ್ಲಿ ಫ್ಲ್ಯಾಶ್ ಹಾಕಬಹುದಾ, ಎಲ್ಲಿವರೆಗೆ ಹೋಗಬಹುದು ಅಂತ ಪಾದ್ರಿಗಳನ್ನ ಮೊದಲೇ ಕೇಳಬೇಕು. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯ ಆದ್ರೆ ಅಲ್ಲಿ ಪುರೋಹಿತರೂ ಇಲ್ಲ, ಹೋಮವೂ ಇಲ್ಲ. ಪ್ರತಿಜ್ಞೆ ಓದುವಾಗಿನ ಆ ಎರಡು ಮುಖಗಳೇ ನಿಮ್ಮ ಮುಹೂರ್ತ.

ಪುರೋಹಿತರಿದ್ರೆ ಬೆಳಗ್ಗೆಯೇ ಹೋಗಿ ನಮಸ್ಕಾರ ಹೇಳಿ. "ಗುರುಗಳೇ, ಮಾಂಗಲ್ಯಧಾರಣೆ ಹೊತ್ತಿಗೆ ನಾನು ಯಾವ ಕಡೆ ನಿಂತರೆ ನಿಮಗೆ ಅಡ್ಡ ಆಗಲ್ಲ?" ಅಂತ ಕೇಳಿ. ಕೇಳಿದವನನ್ನ ಅವರು ಮರೆಯಲ್ಲ, ಆ ಹೊತ್ತಿಗೆ ಅವರೇ ಸ್ವಲ್ಪ ಬಾಗಿ ಜಾಗ ಬಿಡ್ತಾರೆ. ವಿಡಿಯೋದವರ ಜೊತೆಗೂ ಹೀಗೇ ಮಾತಾಡ್ಕೊಳ್ಳಿ. ಮಂಟಪದ ಮೇಲೆ ಚಪ್ಪಲಿ ಹಾಕೋ ಹಾಗಿಲ್ಲ, ಆದ್ದರಿಂದ ಲೇಸ್ ಕಟ್ಟೋ ಶೂ ಬೇಡ. ಬರೀ ಸಾಕ್ಸ್‌ನಲ್ಲಿ ಓಡಾಡಿದ್ರೆ ಗ್ರಾನೈಟ್ ಮೇಲೆ ಜಾರುತ್ತೆ, ಬರಿಗಾಲೇ ವಾಸಿ.

ಆಮೇಲೆ ಪಟ್ಟಿ. ಮನೆಯವರಲ್ಲಿ ಒಬ್ಬರನ್ನ, ಎಲ್ಲರ ಗುರುತಿರೋ ಅತ್ತೆಯನ್ನೋ ಚಿಕ್ಕಪ್ಪನನ್ನೋ, ಹಿಡ್ಕೊಳ್ಳಿ. ಇವರದ್ದು ಫೋಟೋ ಇರಲೇಬೇಕು ಅನ್ನೋ ಹೆಸರು ಬರೆಸ್ಕೊಳ್ಳಿ. ಮದುಮಗಳನ್ನ ಕರ್ಕೊಂಡು ಬರೋ ಸೋದರಮಾವ ಯಾರು? ಸ್ಟೇಜ್ ಹತ್ತೋಕಾಗದ ಅಜ್ಜಿ ಎಲ್ಲಿ ಕೂತಿರ್ತಾರೆ? ಯಾರನ್ನ ಯಾರ ಪಕ್ಕ ನಿಲ್ಲಿಸಬಾರದು? ಇನ್ನೊಂದು ಪ್ರಶ್ನೆ ಮೆಲ್ಲಗೆ ಕೇಳಿ. ಗಂಡನನ್ನ ಕಳ್ಕೊಂಡ ತಾಯಿಯನ್ನ ಶಾಸ್ತ್ರದ ಹೆಸರಲ್ಲಿ ಹಿಂದೆ ನಿಲ್ಲಿಸೋ ಮನೆಗಳು ಇವತ್ತಿಗೂ ಇವೆ. ಹೆತ್ತು ಸಾಕಿದವಳು ಕಂಬದ ಪಕ್ಕ ನಿಂತು ಸೆರಗಿನಲ್ಲಿ ಕಣ್ಣೊರೆಸ್ಕೊಳ್ತಿರ್ತಾಳೆ. ಶಾಸ್ತ್ರ ಬದಲಿಸೋದು ನಮ್ಮ ಕೈಯಲ್ಲಿಲ್ಲ. 70–200 ಆ ಕಂಬದ ಕಡೆ ತಿರುಗಿಸೋದು ನಮ್ಮ ಕೈಯಲ್ಲಿದೆ. ಮಂಟಪದ ಮೇಲಿನ ಫೋಟೋ ನೂರು ಇರ್ತವೆ, ಆಲ್ಬಮ್ ಬಂದಾಗ ಆ ಮಗ ಅಥವಾ ಮಗಳು ಹುಡುಕೋದು ಈ ಒಂದನ್ನೇ.

ಫೋನ್ ಮಾತ್ರ ಇದ್ರೆ?

ನಡೀತದೆ, ಆದ್ರೆ ಇದಕ್ಕೂ ತಯಾರಿ ಬೇಕು. ಹಿಂದಿನ ರಾತ್ರಿ ಸ್ಟೋರೇಜ್ ಖಾಲಿ ಮಾಡಿ. ಪವರ್ ಬ್ಯಾಂಕ್ ತುಂಬಿಸಿ. ಲೆನ್ಸ್ ಮೇಲಿನ ಎಣ್ಣೆ, ಬೆರಳ ಗುರುತು ಹತ್ತಿ ಬಟ್ಟೆಯಲ್ಲಿ ಒರೆಸಿ, ಫೋನ್ ಫೋಟೋ ಮಂಕಾಗೋಕೆ ಬಹಳ ಸಲ ಇದೇ ಕಾರಣ. ಮುಹೂರ್ತಕ್ಕೆ ಹತ್ತು ನಿಮಿಷ ಮುಂಚೆ ಏರೋಪ್ಲೇನ್ ಮೋಡ್ ಹಾಕಿ, ವಿಡಿಯೋ ಮಧ್ಯೆ ಯಾವ ಕಾಲ್‌ನ ಕಾಟವೂ ಇರಲ್ಲ. ಬೆರಳಲ್ಲಿ ಎಳೆದು ಜೂಮ್ ಮಾಡೋ ಬದಲು ಎರಡು ಹೆಜ್ಜೆ ಮುಂದೆ ಹೋಗಿ. ಆದ್ರೆ ಮನೆಯವರು ಬೇರೆ ಫೋಟೋಗ್ರಾಫರ್‌ಗೆ ಹೇಳಿದ್ರೆ ಆ ಒಂದು ನಿಮಿಷ ಅವರಿಗೆ ಬಿಟ್ಟುಕೊಡಿ. ತಾಳಿ ಕಟ್ಟೋ ಫೋಟೋದಲ್ಲಿ ತಾಳಿಗಿಂತ ಹೆಚ್ಚು ಫೋನ್ ಹಿಡಿದ ಕೈಗಳೇ ಕಾಣೋ ಆಲ್ಬಮ್‌ಗಳು ಈಗ ಬೇಕಾದಷ್ಟಿವೆ. ನಿಮ್ಮ ಫೋನ್‌ಗೆ ಅಡುಗೆ ಮನೆ, ಹೂ ಕಟ್ಟೋರು, ಚಪ್ಪಲಿ ಬಚ್ಚಿಡೋ ಮಕ್ಕಳು ಕಾಯ್ತಿದ್ದಾರೆ.

ಮದುವೆ ಮುಗಿದಮೇಲೆ

ಕೆಲಸ ಛತ್ರದಲ್ಲಿ ಮುಗಿಯಲ್ಲ. ಕಾರ್ಡ್‌ಗಳು ಬ್ಯಾಗ್‌ನಲ್ಲಿ ಬೇಡ, ಮೈಮೇಲೆ ಜಿಪ್ ಇರೋ ಜೇಬಿನಲ್ಲಿರಲಿ. ಛತ್ರದ ಕೋಣೆಗೆ ಯಾರು ಬರ್ತಾರೆ, ಯಾರು ಹೋಗ್ತಾರೆ ಅಂತ ಯಾರಿಗೂ ಗೊತ್ತಿರಲ್ಲ. ಮನೆಗೆ ಹೋದ ರಾತ್ರಿಯೇ, ಎಷ್ಟೇ ಸುಸ್ತಾಗಿದ್ರೂ, ಕಾಪಿ ಮಾಡಿ. ನಿಯಮ 3-2-1: ಮೂರು ಪ್ರತಿ, ಎರಡು ಬೇರೆ ಬೇರೆ ಥರದ ಸಾಧನ, ಅದರಲ್ಲಿ ಒಂದು ಪ್ರತಿ ಮನೆಯಿಂದ ಹೊರಗೆ, ಕ್ಲೌಡ್‌ನಲ್ಲೋ ಗೆಳೆಯನ ಮನೆಯಲ್ಲೋ. ಫೋಟೋಗಳು ಅವರ ಕೈಸೇರೋವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ.

ದುಡ್ಡು, ಸಮಯ, ಎಷ್ಟು ಫೋಟೋ, ಯಾವತ್ತು ಕೊಡ್ತೀರಿ ಎಲ್ಲಾ ಮೊದಲೇ ಬರಹದಲ್ಲಿರಲಿ, ವಾಟ್ಸ್‌ಆ್ಯಪ್ ಮೆಸೇಜ್ ಆದ್ರೂ ಸರಿ. ಗೆಳೆಯನ ಮದುವೆ ಆದ್ರೆ ಇನ್ನೂ ಮುಖ್ಯ, ಸ್ನೇಹ ಉಳೀಬೇಕಲ್ಲ. ಇನ್‌ಸ್ಟಾಗ್ರಾಮ್‌ಗೆ ಹಾಕೋ ಮುಂಚೆ ಕೇಳಿ. ಅದು ಅವರ ಮನೆ, ಅವರ ಮುಖ, ಅವರ ಮಕ್ಕಳು.

ಕೊನೆಗೊಂದು ಸಲಹೆ. ಆಷಾಢದಲ್ಲಿ ನಮ್ಮ ಕಡೆ ಹೆಚ್ಚಾಗಿ ಮದುವೆ ಇರಲ್ಲ. ಆ ತಿಂಗಳು ಕ್ಯಾಮೆರಾ ಸರ್ವಿಸ್ ಮಾಡಿಸಿ, ಹಳೇ ಕಾರ್ಡ್ ಬದಲಿಸಿ, ಮನೆಯ ಟ್ಯೂಬ್‌ಲೈಟ್ ಕೆಳಗೆ ತಮ್ಮನನ್ನ ಕೂರಿಸಿ ಫ್ಲ್ಯಾಶ್ ಅಭ್ಯಾಸ ಮಾಡಿ. ಕತ್ತಲಲ್ಲೂ ಕಣ್ಮುಚ್ಚಿ ಬ್ಯಾಟರಿ ಬದಲಿಸೋಕೆ ಬರಬೇಕು. ಶ್ರಾವಣದಲ್ಲಿ ಮುಹೂರ್ತಗಳು ಶುರುವಾದಾಗ ನಿಮ್ಮ ಕೈಗೆ ಬಟನ್‌ಗಳ ಗುರುತಿದ್ರೆ, ಕಣ್ಣು ಪೂರ್ತಿ ಮನುಷ್ಯರ ಮೇಲಿರುತ್ತೆ.