ಹಳೆಯ ಸ್ಪೀಕರುಗಳ ಜೀರ್ಣೋದ್ಧಾರ

ಗೃಹಸ್ಥರ ಮನೆಗಳಲ್ಲಿ ಅಟ್ಟವೆಂಬುದೊಂದು ವಿಚಿತ್ರವಾದ ಸ್ಥಾನ. ಅಲ್ಲಿಟ್ಟ ವಸ್ತುವನ್ನು ಬಿಸುಟಂತೆಯೂ ಅಲ್ಲ, ಉಳಿಸಿಕೊಂಡಂತೆಯೂ ಅಲ್ಲ. ಮೇಜಿನ ಮೇಲಿಡುವ ಕಂಪ್ಯೂಟರು ಹೋಗಿ ಮಡಿಸಿ ಒಯ್ಯುವ ಲ್ಯಾಪ್‌ಟಾಪು ಬಂದ ಮೇಲೆ, ಹಿಂದಿನ ಯಂತ್ರದ ಪರಿವಾರವೆಲ್ಲ ಈ ಅಟ್ಟವನ್ನು ಸೇರಿತು. ಪೆಟ್ಟಿಗೆಯಂತಹ ಆ ದಪ್ಪ ಪರದೆಗೆ ಕಾಲ ಮುಗಿಯಿತೆಂದರೆ ಒಪ್ಪಬಹುದು. ಆದರೆ ಜೋಡಿ ಸ್ಪೀಕರುಗಳನ್ನೂ ಅದರೊಡನೆ ಮೂಲೆಗೆ ಹಾಕಿದುದು ನ್ಯಾಯವಲ್ಲವೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಕಂಪ್ಯೂಟರಿಗೆ ಮುಪ್ಪು ಬೇಗನೆ ಬರುವುದೇಕೆಂದರೆ, ನಾವು ಅದರಿಂದ ಬಯಸುವ ಕೆಲಸ ವರ್ಷವರ್ಷಕ್ಕೂ ಬೆಳೆಯುತ್ತ ಹೋಗುವುದು. ಸ್ಪೀಕರಿನ ಕೆಲಸ ಹಾಗಲ್ಲ. ಗಾಳಿಯನ್ನು ಕಂಪಿಸಿ ಕಿವಿಗೆ ಮುಟ್ಟಿಸುವುದೇ ಅದರ ಏಕಮಾತ್ರ ಕರ್ತವ್ಯ. ಅಯಸ್ಕಾಂತದ ನಡುವೆ ತಂತಿಯ ಸುರುಳಿಯನ್ನಿಟ್ಟು, ಆ ಸುರುಳಿಗೆ ಶಂಕುವಿನಾಕಾರದ ಹಾಳೆಯನ್ನಂಟಿಸಿ, ವಿದ್ಯುತ್ತಿನಿಂದ ಅದನ್ನು ಹಿಂದಕ್ಕೂ ಮುಂದಕ್ಕೂ ಆಡಿಸುವ ಕ್ರಮವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್, ಎಡ್ವರ್ಡ್ ಕೆಲ್ಲಾಗ್ ಎಂಬಿಬ್ಬರು ೧೯೨೫ರಲ್ಲಿ ವಿವರಿಸಿದರು. ಇಂದಿನ ಬಹುತೇಕ ಸ್ಪೀಕರುಗಳು ಈ ತತ್ತ್ವದಿಂದಲೇ ನಡೆಯುವುವು. ಗಾಳಿಯೂ ಬದಲಾಗಲಿಲ್ಲ, ಕಿವಿಯೂ ಬದಲಾಗಲಿಲ್ಲ. ಹೀಗಿರಲು ಹತ್ತು ಹದಿನೈದು ವರ್ಷಗಳ ಹಿಂದಿನ ಒಳ್ಳೆಯ ಸ್ಪೀಕರು ಇಂದು ನಿರುಪಯೋಗಿಯೆನ್ನುವುದು ಹೇಗೆ?

ಲ್ಯಾಪ್‌ಟಾಪಿನೊಳಗೇ ಸ್ಪೀಕರುಂಟಲ್ಲವೆ ಎಂದು ಕೆಲವರು ಕೇಳಬಹುದು. ಉಂಟು, ಆದರೆ ಯಂತ್ರವು ತೆಳುವಾಗಿರಬೇಕೆಂಬ ಹಟದಲ್ಲಿ ಅದಕ್ಕೆ ದೊರೆತ ಜಾಗ ಅತ್ಯಲ್ಪ. ತಗ್ಗಿನ ಸ್ವರಗಳು ಹುಟ್ಟಬೇಕಾದರೆ ಬಹಳ ಗಾಳಿಯನ್ನು ಅಲುಗಿಸಬೇಕು. ಬೆರಳಗಲದ ಹಾಳೆಗೆ ಅದು ಸಾಧ್ಯವಾಗದು. ಆದುದರಿಂದಲೇ ಅದರಲ್ಲಿ ಕಛೇರಿಯನ್ನು ಕೇಳುವಾಗ ಮೃದಂಗದ ಎಡಬದಿಯ ಗುಂಕಾರವೂ ತಂಬೂರಿಯ ಮಂದ್ರವೂ ಮಾಯವಾಗಿ, ಮೇಲಿನ ಸ್ವರಗಳು ಮಾತ್ರ ಕೀರಲಾಗಿ ಉಳಿಯುವುವು. ಸಾಲದುದಕ್ಕೆ ಅನೇಕ ಲ್ಯಾಪ್‌ಟಾಪುಗಳಲ್ಲಿ ಸ್ಪೀಕರಿನ ರಂಧ್ರಗಳು ಯಂತ್ರದ ಅಡಿಯಲ್ಲಿರುವುವು. ಹಾಸಿಗೆಯ ಮೇಲೋ ದಿಂಬಿನ ಮೇಲೋ ಇಟ್ಟರೆ ಬಾಯಿ ಮುಚ್ಚಿದಂತೆಯೇ ಸರಿ.

ಇದರಿಂದ ಹೆಚ್ಚಿನ ನಷ್ಟ ಸಂಗೀತಪ್ರಿಯರಿಗಲ್ಲ, ಮನೆಯ ವೃದ್ಧರಿಗೆ. ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. ಶ, ಷ, ಸ ಮೊದಲಾದ ಊಷ್ಮಾಕ್ಷರಗಳ ಜೀವವೆಲ್ಲ ಆ ಎತ್ತರದ ಭಾಗದಲ್ಲಿಯೇ ಇರುವುದು. ಸ್ವರಗಳು ಕೇಳಿಸಿ ವ್ಯಂಜನಗಳು ಕೇಳಿಸದಿದ್ದರೆ, ಯಾರೋ ಮಾತಾಡುತ್ತಿರುವರೆಂದು ತಿಳಿಯುವುದೇ ಹೊರತು ಏನು ಮಾತಾಡಿದರೆಂದು ತಿಳಿಯದು. ನಮ್ಮ ಬೀದಿಯಲ್ಲಿ ಎಂಬತ್ತು ದಾಟಿದ ತಾಯಿಯೊಬ್ಬರಿದ್ದಾರೆ. ಪರದೇಶದಲ್ಲಿರುವ ಮೊಮ್ಮಗಳು ವಾರಕ್ಕೊಮ್ಮೆ ಲ್ಯಾಪ್‌ಟಾಪಿನಲ್ಲಿ ಕಾಣಿಸಿಕೊಂಡು ಮಾತನಾಡುವಾಗ ಅವರು ಸುಮ್ಮನೆ ನಗುತ್ತ ತಲೆಯಾಡಿಸುತ್ತಿದ್ದರು. ಅಜ್ಜಿಗೆ ಮರೆವು ಬಂದಿದೆಯೆಂದು ಮನೆಯವರು ನಿಶ್ಚಯಿಸಿಬಿಟ್ಟಿದ್ದರು. ಅಟ್ಟದಲ್ಲಿದ್ದ ಸ್ಪೀಕರುಗಳನ್ನು ಇಳಿಸಿ ಅವರ ಕುರ್ಚಿಯ ಪಕ್ಕದ ಮಣೆಯ ಮೇಲಿಟ್ಟ ದಿನ, ಅವರು ಮೊಮ್ಮಗಳನ್ನು ತಡೆದು, "ಏನಂದೆ? ಚಳಿಗೆ ಸ್ವೆಟರು ಸಾಲದೆ?" ಎಂದು ಕೇಳಿದರು. ಮರೆವೆಂದು ತಿಳಿದಿದ್ದುದು ಮರೆವಾಗಿರಲಿಲ್ಲ; ಮಾತು ಅವರವರೆಗೆ ಬರುತ್ತಿರಲಿಲ್ಲ, ಅಷ್ಟೆ.

ಇದರಲ್ಲಿ ಪವಾಡವೇನೂ ಇಲ್ಲ. ತೆರೆದ ಬಯಲಿನಲ್ಲಿ ಕೇಳುವವನಿಗೂ ಸ್ಪೀಕರಿಗೂ ಇರುವ ದೂರವನ್ನು ಅರ್ಧ ಮಾಡಿದರೆ ಶಬ್ದದ ಮಟ್ಟವು ಸುಮಾರು ೬ ಡೆಸಿಬೆಲ್ ಏರುವುದು. ಕೋಣೆಯೊಳಗೆ ಅದಕ್ಕಿಂತ ಸ್ವಲ್ಪ ಕಡಿಮೆ. ಲ್ಯಾಪ್‌ಟಾಪನ್ನು ಕಿವಿಯ ಬಳಿಗೆ ಒಯ್ದರೆ ಮುಖ ಕಾಣಿಸದು; ಬೇರೆಯಾದ ಸ್ಪೀಕರನ್ನಾದರೋ ಎಲ್ಲಿಗಾದರೂ ಒಯ್ಯಬಹುದು. ಸಂಭಾಷಣೆಯ ಕಾಲದಲ್ಲಿ ಅದು ಲ್ಯಾಪ್‌ಟಾಪಿನ ಮೈಕಿನಿಂದ ದೂರವಾಗಿಯೂ ಅದರ ಕಡೆಗೆ ಮುಖ ಮಾಡದೆಯೂ ಇರಬೇಕು. ಇಲ್ಲವಾದರೆ ಎದುರಿನವರಿಗೆ ತಮ್ಮ ಮಾತೇ ಪ್ರತಿಧ್ವನಿಸಿ ಕೇಳಿಸುವುದು.

ಇನ್ನು ಜೋಡಿಸುವ ಕ್ರಮ. ಹಳೆಯ ಸ್ಪೀಕರಿನ ವಯರಿನ ತುದಿಯಲ್ಲಿ ೩.೫ ಮಿಲಿಮೀಟರಿನ ಪ್ಲಗ್ಗು ಇರುವುದು. ಅದು ಬಹುಮಟ್ಟಿಗೆ ಹಸುರು. ೧೯೯೦ರ ದಶಕದ ಕೊನೆಯಲ್ಲಿ ಮೈಕ್ರೋಸಾಫ್ಟ್, ಇಂಟೆಲ್ ಸಂಸ್ಥೆಗಳು ಕೂಡಿ ಗೊತ್ತುಮಾಡಿದ 'ಪಿಸಿ ೯೯' ಎಂಬ ನಿಯಮಾವಳಿಯಲ್ಲಿ ಧ್ವನಿ ಹೊರಡುವ ದ್ವಾರಕ್ಕೆ ಹಸುರು, ಮೈಕಿಗೆ ನಸುಗೆಂಪು ಎಂದು ಬಣ್ಣ ನಿಯಮಿಸಲಾಯಿತು. ಲ್ಯಾಪ್‌ಟಾಪಿನಲ್ಲಿ ಹೆಡ್‌ಫೋನಿನ ಗುರುತಿರುವ ರಂಧ್ರಕ್ಕೆ ಈ ಹಸುರು ಪ್ಲಗ್ಗನ್ನು ಪೂರ್ತಿಯಾಗಿ ಒತ್ತಬೇಕು. ಆ ಬಳಿಕವೂ ಧ್ವನಿ ಒಳಗಿನಿಂದಲೇ ಬರುತ್ತಿದ್ದರೆ, ಪರದೆಯ ಮೂಲೆಯಲ್ಲಿರುವ ಸ್ಪೀಕರಿನ ಚಿಹ್ನೆಯನ್ನೊತ್ತಿ ಹೊರಗಿನ ಸಾಧನವನ್ನು ಆರಿಸತಕ್ಕದ್ದು. ಲ್ಯಾಪ್‌ಟಾಪಿನ ಧ್ವನಿಯನ್ನು ನೂರಕ್ಕೆ ಎಂಬತ್ತರಷ್ಟಕ್ಕೆ ಇರಿಸಿ, ಉಳಿದ ಹೆಚ್ಚು ಕಡಿಮೆಯನ್ನು ಸ್ಪೀಕರಿನ ಗುಂಡಿಯಿಂದ ಮಾಡಿದರೆ ಸಾಕು.

ಕೆಲವು ಹೊಸ ಯಂತ್ರಗಳಲ್ಲಿ ಈ ರಂಧ್ರವೇ ಇರುವುದಿಲ್ಲ. ಅಂತಹವರು ಯು.ಎಸ್.ಬಿ.ಗೆ ಸಿಕ್ಕಿಸುವ ಚಿಕ್ಕ ಸೌಂಡ್ ಕಾರ್ಡನ್ನು ತರಿಸಿಕೊಳ್ಳಬೇಕು. ವಯರು ಬೇಡವೆನ್ನುವವರಿಗೆ ಬ್ಲೂಟೂತ್ ರಿಸೀವರುಂಟು. ಅದನ್ನು ಸ್ಪೀಕರಿನ ಪ್ಲಗ್ಗಿಗೆ ಜೋಡಿಸಿದರೆ ಮುದಿ ಸ್ಪೀಕರು ಹೊಸ ವಿದ್ಯೆಯನ್ನು ಕಲಿತಂತಾಗುವುದು.

ಅಡಾಪ್ಟರು ಕಳೆದುಹೋಗಿದ್ದರೆ ಕೈಗೆ ಸಿಕ್ಕಿದುದನ್ನು ಚುಚ್ಚಬಾರದು. ಸ್ಪೀಕರಿನ ಹಿಂಬದಿಯಲ್ಲಿ ಬರೆದ ವೋಲ್ಟು ಹೊಸ ಅಡಾಪ್ಟರಿನದಕ್ಕೆ ಸರಿಯಾಗಿರಬೇಕು, ಆಂಪಿಯರು ಸಮನಾಗಿಯಾಗಲಿ ಹೆಚ್ಚಾಗಿಯಾಗಲಿ ಇರಬಹುದು, ಕಡಿಮೆಯಾಗಬಾರದು, ಎ.ಸಿ.ಯೋ ಡಿ.ಸಿ.ಯೋ ಎಂಬುದೂ, ಡಿ.ಸಿ. ಆದರೆ ಧನ ಋಣಗಳ ಸ್ಥಾನವೂ ಹೊಂದಬೇಕು. ಇದೇ ಬರಹದಿಂದ ಇನ್ನೊಂದು ಸತ್ಯವೂ ತಿಳಿಯುವುದು. ಪೆಟ್ಟಿಗೆಯ ಮೇಲೆ ಪಿ.ಎಂ.ಪಿ.ಒ. ಎಂದು ಸಾವಿರ ವಾಟುಗಳನ್ನು ಮುದ್ರಿಸಿರುವುದುಂಟು. ಅದು ಯಾವ ಪ್ರಮಾಣಕ್ಕೂ ಒಳಪಡದ ಅಲಂಕಾರಶಾಸ್ತ್ರದ ಅತಿಶಯೋಕ್ತಿ. ಅಡಾಪ್ಟರು ೧೨ ವೋಲ್ಟು, ೧ ಆಂಪಿಯರಿನದಾದರೆ ಒಳಗೆ ಹೋಗುವುದೇ ೧೨ ವಾಟು. ನಿರಂತರವಾಗಿ ಅದಕ್ಕಿಂತ ಹೆಚ್ಚು ಹೊರಬರುವುದೆಂತು? ಒಂದು ಕೋಣೆಗೆ ಅದು ಧಾರಾಳವಾಗಿ ಸಾಕು.

ಬಹುಕಾಲ ಮಲಗಿದ್ದ ಯಂತ್ರಕ್ಕೆ ಸಣ್ಣಪುಟ್ಟ ವ್ಯಾಧಿಗಳಿರುವುದು ಸಹಜ. ಗುಂಡಿಯನ್ನು ತಿರುಗಿಸಿದಾಗ ಕರಕರ ಶಬ್ದ ಬಂದರೆ ಒಳಗೆ ಧೂಳು ಕೂತಿದೆಯೆಂದರ್ಥ. ವಿದ್ಯುತ್ತನ್ನು ತೆಗೆದು ಹತ್ತಿಪ್ಪತ್ತು ಸಲ ಅತ್ತಿತ್ತ ತಿರುಗಿಸಿದರೆ ಅನೇಕ ವೇಳೆ ಹೋಗುವುದು. ಒಂದೇ ಬದಿ ಮಾತಾಡಿದರೆ ಪ್ಲಗ್ಗನ್ನು ಬೇರೊಂದು ಯಂತ್ರಕ್ಕೆ ಸಿಕ್ಕಿಸಿ ನೋಡಬೇಕು. ಅಲ್ಲಿಯೂ ಅದೇ ಬದಿ ಮೌನವಾದರೆ ದೋಷ ಸ್ಪೀಕರಿನದು ಅಥವಾ ವಯರಿನದು. ಗುಂಯ್‌ಗುಟ್ಟುವ ಸದ್ದಾದರೆ ಲ್ಯಾಪ್‌ಟಾಪಿನ ಚಾರ್ಜರನ್ನು ಕ್ಷಣಕಾಲ ತೆಗೆಯಿರಿ. ಸದ್ದು ನಿಂತರೆ ಎರಡಕ್ಕೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ವಿದ್ಯುತ್ತು ಕೊಡಿರಿ. ಸಾಲದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಚಿಕ್ಕ ಉಪಕರಣ ದೊರೆಯುವುದು. ಸದ್ದಡಗಿಸಲೆಂದು ಪ್ಲಗ್ಗಿನ ಮೂರನೆಯ ದಪ್ಪ ಕಡ್ಡಿಯನ್ನು ಮುರಿಯುವ ಸಾಹಸವನ್ನು ಮಾತ್ರ ಎಂದಿಗೂ ಮಾಡಬೇಡಿರಿ. ಅದು ಪ್ರಾಣರಕ್ಷಣೆಗಾಗಿ ಇಟ್ಟುದು. ಲ್ಯಾಪ್‌ಟಾಪಿನಿಂದ ಬಿಡಿಸಿ ಧ್ವನಿಯನ್ನು ಪೂರ್ತಿ ಇಳಿಸಿದರೂ ಸದ್ದು ನಿಲ್ಲದಿದ್ದರೆ ಒಳಗಿನ ಕೆಪ್ಯಾಸಿಟರು ಒಣಗಿರಬಹುದು. ಆಗ ಪೆಟ್ಟಿಗೆಯನ್ನು ತಾವೇ ಬಿಚ್ಚದೆ ರೇಡಿಯೋ, ಟಿ.ವಿ. ರಿಪೇರಿಯವರಲ್ಲಿಗೆ ಒಯ್ಯುವುದು ವಿವೇಕ. ಸುಟ್ಟ ವಾಸನೆ ಬಂದರೆ ಒಡನೆಯೇ ವಿದ್ಯುತ್ತನ್ನು ನಿಲ್ಲಿಸತಕ್ಕದ್ದು.

ರಿಪೇರಿಯವರೂ ಕೈಬಿಟ್ಟರೆ ಅದನ್ನು ಹಸಿ ಕಸ ಒಣ ಕಸಗಳೊಡನೆ ಹಾಕಬಾರದು. ಇಂತಹ ತ್ಯಾಜ್ಯಕ್ಕಾಗಿಯೇ ಭಾರತ ಸರಕಾರವು ೨೦೨೨ರಲ್ಲಿ ಹೊಸ ಇ-ತ್ಯಾಜ್ಯ ನಿಯಮಗಳನ್ನು ಹೊರಡಿಸಿತು. ಅವು ೨೦೨೩ನೆಯ ಏಪ್ರಿಲ್ ೧ರಿಂದ ಜಾರಿಯಲ್ಲಿವೆ. ನೋಂದಾಯಿತ ಮರುಬಳಕೆದಾರರ ಕೈಗೆ ಸೇರಿದರೆ ತಾಮ್ರವೂ ಅಯಸ್ಕಾಂತವೂ ಮತ್ತೊಂದು ಜನ್ಮವನ್ನೆತ್ತುವುವು.

ಹೊಸ ದೇವಾಲಯವನ್ನು ಕಟ್ಟಿಸುವುದಕ್ಕಿಂತ ಜೀರ್ಣವಾದುದನ್ನು ಉದ್ಧರಿಸುವುದು ಮೇಲೆಂದು ನಮ್ಮ ಹಿರಿಯರು ಎಣಿಸುತ್ತಿದ್ದರು. ಮನೆಯ ಸಾಮಾನಿಗೂ ಆ ಮಾತು ಒಪ್ಪುವುದು. ಉಳಿಯುವ ಹಣ ದೊಡ್ಡದಲ್ಲದಿರಬಹುದು. ಆದರೆ ಗುಂಪಿನ ನಡುವೆ ಕುಳಿತೂ ಒಂಟಿಯಾಗಿರುವ ಹಿರಿಯರೊಬ್ಬರು ಮನೆಯಲ್ಲಿದ್ದರೆ, ಅವರಿಗೆ ಮರೆವೆಂದು ಹೆಸರಿಡುವ ಮೊದಲು ಮಾತು ಕಿವಿಗೆ ಮುಟ್ಟುತ್ತಿದೆಯೇ ಎಂದು ನೋಡುವುದು ಗೃಹಸ್ಥನ ಧರ್ಮ. ಅದಕ್ಕೆ ಬೇಕಾದ ಸಾಧನವು ಎಷ್ಟೋ ಮನೆಗಳಲ್ಲಿ ಆಗಲೇ ಇರುವುದು. ಇಳಿಸಿ ಧೂಳೊರಸುವ ಕೆಲಸವಷ್ಟೇ ಉಳಿದಿರುವುದು.